ಶಾಲೆಯ ಅಚ್ಚುಕಟ್ಟು: ಗೆರೆ ಎಲ್ಲಿ ಎಳೆಯಬೇಕು?

ನಾಲೆಗೆ ಅಚ್ಚುಕಟ್ಟು ಇರುವಂತೆ ಶಾಲೆಗೂ ಒಂದು ಅಚ್ಚುಕಟ್ಟು ಉಂಟು. ಯಾವ ಹಳ್ಳಿಯ, ಯಾವ ಕೇರಿಯ, ಯಾವ ತೋಟದ ಮನೆಯ ಮಕ್ಕಳು ಯಾವ ಶಾಲೆಗೆ ಸೇರಬೇಕು ಎಂಬ ಗೆರೆ ಅದು. ನಾಲೆಯ ಗೆರೆ ಎಳೆಯುವಾಗ ರೈತರು ಮೈಯೆಲ್ಲ ಕಣ್ಣಾಗಿರುತ್ತಾರೆ. ತೂಬು ಎಲ್ಲಿ ಬರುತ್ತದೆ, ತಮ್ಮ ಸರ್ವೆ ನಂಬರು ಒಳಗೋ ಹೊರಗೋ, ಕೊನೆಯ ಭಾಗಕ್ಕೆ ನೀರು ತಲುಪುತ್ತದೋ ಇಲ್ಲವೋ ಎಂದು ಇಂಜಿನಿಯರನ್ನು ನಿಲ್ಲಿಸಿ ಕೇಳುತ್ತಾರೆ. ಶಾಲೆಯ ಗೆರೆ ಬದಲಾದದ್ದು ಮಾತ್ರ ನಮಗೆ ತಿಳಿಯುವುದು ಜೂನ್ ತಿಂಗಳಿನಲ್ಲಿ, ಬಾಗಿಲಿಗೆ ಬೀಗ ಬಿದ್ದ ಮೇಲೆ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. 2018ರ ಜುಲೈ ತಿಂಗಳ ಬಜೆಟ್ಟಿನಲ್ಲಿ ನಮ್ಮ ರಾಜ್ಯ ಸರ್ಕಾರ 28,847 ಸರ್ಕಾರಿ ಶಾಲೆಗಳನ್ನು ಸಮೀಪದ 8,530 ಶಾಲೆಗಳೊಳಗೆ ಸೇರಿಸುವ ಆಲೋಚನೆಯನ್ನು ಪ್ರಕಟಿಸಿತು. ಸಾಹಿತಿಗಳೂ ಉಪಾಧ್ಯಾಯರೂ ಅದನ್ನು ವಿರೋಧಿಸಿದರು. ಅದೇ ಹೊತ್ತಿಗೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. 2025-26ರ ಬಜೆಟ್ಟಿನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಇಂಥ ಇನ್ನೂ 500 ಶಾಲೆ ಮಾಡುವ ಮಾತು ಬಂತು. 2025ರ ಕೊನೆಯ ಹೊತ್ತಿಗೆ 'ಮ್ಯಾಗ್ನೆಟ್ ಶಾಲೆ' ಎಂಬ ಹೊಸ ಪದ ಹಳ್ಳಿಗಳಲ್ಲಿ ಕೇಳಿಬರತೊಡಗಿತು. ಮ್ಯಾಗ್ನೆಟ್ ಎಂದರೆ ಅಯಸ್ಕಾಂತ. ದೊಡ್ಡ ಶಾಲೆಯೊಂದು ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ತನ್ನ ಕಡೆ ಎಳೆದುಕೊಳ್ಳುವುದು ಅದರ ಅರ್ಥ. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳುತ್ತ ಬಂದಿದೆ. ಮುಚ್ಚುವ ಹುನ್ನಾರವೇ ಇದು ಎಂದು ವಿದ್ಯಾರ್ಥಿ ಸಂಘಟನೆಗಳು ಹೇಳುತ್ತ ಬಂದಿವೆ. ಮುಚ್ಚುವುದು, ವಿಲೀನ, ಜೋಡಣೆ, ಸ್ಥಳಾಂತರ ಎಂದು ಕಚೇರಿಯಲ್ಲಿ ನಾಲ್ಕು ಪದಗಳಿವೆ. ಚೀಲ ಹೊತ್ತು ರಸ್ತೆಗೆ ಇಳಿಯುವ ಆರು ವರ್ಷದ ಮಗುವಿಗೆ ನಾಲ್ಕೂ ಒಂದೇ.

ಹೀಗಿರುವಾಗ ಇಂದಲ್ಲ ನಾಳೆ ನಿಮ್ಮ ಗ್ರಾಮಸಭೆಯ ಮುಂದೆಯೂ ಎರಡು ಯೋಜನೆಗಳು ಬಂದು ನಿಲ್ಲಬಹುದು. ಊರಿಗೊಂದು ಸಣ್ಣ ಶಾಲೆ ಈಗಿರುವಂತೆಯೇ ಇರಲಿ ಎಂಬುದು ಒಂದು. ಪಂಚಾಯಿತಿಗೆ ಅಥವಾ ಹೋಬಳಿಗೆ ಒಂದೇ ದೊಡ್ಡ ಶಾಲೆ ಮಾಡಿ ವಾಹನ ಕೊಡೋಣ ಎಂಬುದು ಇನ್ನೊಂದು. ಆ ದಿನ ಸಭೆಯಲ್ಲಿ ಊರಿನ ಮಾನದ ಪ್ರಶ್ನೆ ಎದ್ದು, 'ನಮ್ಮ ಊರ ಶಾಲೆ ಅವರ ಊರಿಗೆ ಹೋಗಬಾರದು' ಎಂದು ಗದ್ದಲವಾಗಿ ಎಲ್ಲರೂ ಎದ್ದು ಹೋಗುವುದು ಸುಲಭ. ಅದರ ಬದಲು ಕೂತು ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಗೆರೆ ಯಾರನ್ನು ಕಟ್ಟುತ್ತದೆ?

ಮೊದಲು ಕಾನೂನಿನ ಮಾತು. 2009ರಲ್ಲಿ ಪಾರ್ಲಿಮೆಂಟು ಮಾಡಿದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ 'ನೆರೆಹೊರೆಯ ಶಾಲೆ' ಸಿಗಬೇಕೆಂದು ಅದು ಹೇಳುತ್ತದೆ. ನೆರೆಹೊರೆ ಎಂದರೆ ಎಷ್ಟು ದೂರ ಎಂಬುದು ನಿಯಮಗಳಲ್ಲಿದೆ: ಒಂದರಿಂದ ಐದನೆಯ ತರಗತಿಗೆ ನಡೆದು ಹೋಗುವ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಒಂದು ಕಿಲೋಮೀಟರ್ ಗೆರೆ ನಿಮ್ಮ ಮಗುವನ್ನು ಕಟ್ಟಿಹಾಕುವ ಗೆರೆಯಲ್ಲ. ಮಗುವನ್ನು ನೀವು ಪಕ್ಕದ ಊರಿನ ಸರ್ಕಾರಿ ಶಾಲೆಗೆ ಸೇರಿಸಿದರೆ ಯಾರೂ ತಡೆಯುವಂತಿಲ್ಲ. ಗೆರೆ ಕಟ್ಟುವುದು ಸರ್ಕಾರವನ್ನು. ಇಷ್ಟು ದೂರದೊಳಗೆ ಶಾಲೆ ಒದಗಿಸುವುದು ಅದರ ಕರ್ತವ್ಯ. ಆದ್ದರಿಂದ 'ನಿಮ್ಮ ಶಾಲೆಯಲ್ಲಿ ಮಕ್ಕಳು ಕಡಿಮೆ' ಎಂಬ ಒಂದೇ ಕಾರಣದಿಂದ ಆ ಕರ್ತವ್ಯ ಕಳಚಿ ಬೀಳುವುದಿಲ್ಲ. ಜನ ವಿರಳವಾಗಿರುವ ಕಡೆ ಶಾಲೆ ಕೊಡಲಾಗದಿದ್ದರೆ ವಾಹನ ಅಥವಾ ವಸತಿಯ ಏರ್ಪಾಡು ಮಾಡಬೇಕೆಂದು ಕೇಂದ್ರದ ಮಾದರಿ ನಿಯಮ ಹೇಳುತ್ತದೆ. ಗುಡ್ಡ ಕುಸಿಯುವ, ಪ್ರವಾಹ ಬರುವ, ರಸ್ತೆ ಇಲ್ಲದ ಜಾಗಗಳಲ್ಲಿ ದೂರದ ಮಿತಿಯನ್ನು ಇನ್ನೂ ಕಡಿಮೆ ಮಾಡಬೇಕು ಎಂದೂ ಅದರಲ್ಲಿದೆ. ಮಲೆನಾಡಿನ ಓದುಗರು ಈ ವಾಕ್ಯವನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ನಕ್ಷೆಯ ಮೇಲಿನ ಕಿಲೋಮೀಟರೇ ಬೇರೆ, ಕಾಲುಸಂಕ ದಾಟಿ ಹೋಗುವ ಕಿಲೋಮೀಟರೇ ಬೇರೆ. ಫೆಬ್ರವರಿಯಲ್ಲಿ ಜೀಪಿನಲ್ಲಿ ಬಂದು ಅಳೆದ ದೂರ ಜುಲೈ ತಿಂಗಳಿನಲ್ಲಿ ಹಳ್ಳದ ಆಚೆಯ ದೂರವಾಗಿಬಿಡುತ್ತದೆ.

ಇದೇ 'ನೆರೆಹೊರೆ' ಎಂಬ ಪದ ಇನ್ನೊಂದು ಕಡೆ ನಮ್ಮನ್ನು ಮುಟ್ಟಿದ್ದನ್ನು ಇಲ್ಲಿ ನೆನೆಯಬಹುದು. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ನೂರಕ್ಕೆ 25ರ ಸೀಟುಗಳಿವೆಯಲ್ಲ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅವನ್ನು ಕೊಡಬೇಕಾಗಿಲ್ಲ ಎಂದು ರಾಜ್ಯ ಸರ್ಕಾರ ನಿಯಮ ತಿದ್ದಿತು. 2019ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸೀಟು ನಿರಾಕರಿಸುವಾಗ 'ನಿಮ್ಮ ಊರಲ್ಲೇ ಸರ್ಕಾರಿ ಶಾಲೆ ಇದೆಯಲ್ಲ' ಎಂಬ ವಾದ, ಶಾಲೆ ಸೇರಿಸುವಾಗ 'ನಿಮ್ಮ ಊರಲ್ಲಿ ಶಾಲೆ ಏಕೆ ಬೇಕು' ಎಂಬ ವಾದ. ಒಂದೇ ಗೆರೆಯನ್ನು ಎರಡು ಕಡೆಯಿಂದಲೂ ಎಳೆದಂತಾಯಿತು.

ಒಂದು ಪಂಚಾಯಿತಿಯ ಲೆಕ್ಕ

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ತಿಳಿವಳಿಕೆಗಾಗಿ ಒಂದು ಪಂಚಾಯಿತಿಯನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಮೂರು ಊರು. ಮೇಲಿನೂರಿನಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ 18 ಮಕ್ಕಳು. ಕೆಳಗಿನೂರಿನಲ್ಲಿ 26. ಹೆದ್ದಾರಿ ಬದಿಯ ಊರಿನಲ್ಲಿ 140. ಹೆದ್ದಾರಿ ಊರಿಗೆ ಕಾರ್ಖಾನೆ ಬಂದಿದೆ, ಬಡಾವಣೆ ಎದ್ದಿದೆ, ಬಾಡಿಗೆಗೆ ಬಂದ ಕೂಲಿಕಾರರ ಮಕ್ಕಳು ಸೇರಿದ್ದಾರೆ. ಕೊಠಡಿ ಸಾಲದೆ ಜಗಲಿಯಲ್ಲಿ ಪಾಠ. ಒಳಗಿನ ಎರಡು ಊರುಗಳಲ್ಲಿ ಕೊಠಡಿ ಇದೆ, ಮಕ್ಕಳಿಲ್ಲ. ನೆಲಮಂಗಲ, ಹೊಸಕೋಟೆ, ಆನೇಕಲ್ಲಿನ ಕಡೆಯ ಓದುಗರಿಗೆ ಈ ಚಿತ್ರ ಹೊಸದಲ್ಲ.

ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಈ ತರಗತಿಗಳಿಗೆ ಎಷ್ಟು ಉಪಾಧ್ಯಾಯರಿರಬೇಕೆಂದು ಬರೆದಿದೆ. 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಐವರ ಜೊತೆಗೆ ಒಬ್ಬ ಮುಖ್ಯೋಪಾಧ್ಯಾಯರು. ಈ ಲೆಕ್ಕದಲ್ಲಿ ಮೇಲಿನೂರಿಗೆ ಇಬ್ಬರು, ಕೆಳಗಿನೂರಿಗೆ ಇಬ್ಬರು, ಹೆದ್ದಾರಿ ಊರಿಗೆ ಐವರು. ಒಟ್ಟು ಒಂಬತ್ತು.

ಮೂರೂ ಶಾಲೆಗಳನ್ನು ಹೆದ್ದಾರಿ ಊರಿನಲ್ಲಿ ಒಂದು ಮಾಡಿದರೆ 184 ಮಕ್ಕಳಾಗುತ್ತಾರೆ. ಐವರು ಉಪಾಧ್ಯಾಯರು, ಒಬ್ಬ ಮುಖ್ಯೋಪಾಧ್ಯಾಯರು. ಒಟ್ಟು ಆರು. ಮೂರು ಹುದ್ದೆ ಹೋಯಿತು! ದೊಡ್ಡ ಶಾಲೆ ಆದರೆ ತರಗತಿಗೊಬ್ಬ ಉಪಾಧ್ಯಾಯರು ಸಿಗುತ್ತಾರೆ ಎಂದು ಸಭೆಯಲ್ಲಿ ಹೇಳುವುದು ಸುಳ್ಳಲ್ಲ. ಆದರೆ ಪಂಚಾಯಿತಿಯ ಪಾಲಿಗೆ ಮೂವರು ಕಡಿಮೆಯಾಗುತ್ತಾರೆ ಎಂಬ ಇನ್ನರ್ಧವನ್ನು ಯಾರೂ ಹೇಳುವುದಿಲ್ಲ. ಜೊತೆಗೆ ಎರಡು ಊರಿನ ಬಿಸಿಯೂಟದ ಅಡುಗೆಯವರ ಕೆಲಸವೂ ಹೋಗುತ್ತದೆ. ಜಗಲಿಯ ಪಾಠ ಹಾಗೆಯೇ ಉಳಿಯುತ್ತದೆ, ಇನ್ನೂ 44 ಮಕ್ಕಳ ಸಮೇತ.

ಮೂರನೆಯ ದಾರಿಯೊಂದುಂಟು. ಎರಡೇ ಯೋಜನೆ ಮುಂದಿಟ್ಟಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸ ಬಡಾವಣೆ ಕೆಳಗಿನೂರಿನ ಕಡೆಗೆ ಚಾಚಿಕೊಂಡಿದ್ದು, ಅಲ್ಲಿಂದ ಬರುವ 40 ಮಕ್ಕಳಿಗೆ ಕೆಳಗಿನೂರಿನ ಶಾಲೆ ಒಂದು ಕಿಲೋಮೀಟರಿನೊಳಗೆ ಇದೆ ಎಂದಿಟ್ಟುಕೊಳ್ಳಿ. ಅವರ ಗೆರೆಯನ್ನು ಕೆಳಗಿನೂರಿಗೆ ಸರಿಸಿ ನೋಡಿ. ಹೆದ್ದಾರಿ ಊರಿನಲ್ಲಿ 100 ಮಕ್ಕಳು, ನಾಲ್ವರು ಉಪಾಧ್ಯಾಯರು. ಕೆಳಗಿನೂರಿನಲ್ಲಿ 66 ಮಕ್ಕಳು, ಮೂವರು. ಮೇಲಿನೂರಿನಲ್ಲಿ ಅದೇ 18, ಇಬ್ಬರು. ಒಟ್ಟು ಒಂಬತ್ತು ಹಾಗೆಯೇ ಉಳಿಯಿತು. ಜಗಲಿ ಖಾಲಿಯಾಯಿತು, ಖಾಲಿ ಕೊಠಡಿ ತುಂಬಿತು, ಚಿಕ್ಕ ಮಕ್ಕಳು ಹೆದ್ದಾರಿ ದಾಟುವುದು ತಪ್ಪಿತು. ಬೆಳೆಯುತ್ತಿರುವ ಕಡೆ ಶಾಲೆ ಸೇರಿಸುವುದಕ್ಕಿಂತ ಗೆರೆ ಸರಿಸುವುದು ಎಷ್ಟೋ ವೇಳೆ ಹೆಚ್ಚು ಲಾಭದ ಬೇಸಾಯ.

ಒಂದು ಅಡ್ಡಿ ಇದೆ. ನಮ್ಮಲ್ಲಿ ಗೆರೆ ಮಗುವನ್ನು ಕಟ್ಟುವುದಿಲ್ಲ ಎಂದೆವಲ್ಲ, ಆದ್ದರಿಂದ ಬಡಾವಣೆಯ ತಂದೆ ತಾಯಂದಿರನ್ನು ಒಪ್ಪಿಸಬೇಕು. ಕೆಳಗಿನೂರಿನ ದಾರಿಗೆ ದೀಪ, ಚರಂಡಿಗೆ ಚಪ್ಪಡಿ, ಶೌಚಾಲಯಕ್ಕೆ ನೀರು ಇಷ್ಟಾದರೂ ಪಂಚಾಯಿತಿ ಮಾಡಿಕೊಡದಿದ್ದರೆ ಅವರು ಬರುವುದಿಲ್ಲ. ದೊಡ್ಡ ಕಟ್ಟಡಕ್ಕೆ ಹಾಕುವ ಹಣದ ಸಣ್ಣ ಪಾಲು ಇದಕ್ಕೆ ಸಾಕು.

ಸಣ್ಣ ಶಾಲೆಯ ಕಷ್ಟವೂ ಸುಳ್ಳಲ್ಲ

ಹೀಗೆಂದ ಮಾತ್ರಕ್ಕೆ ಊರಿನ ಶಾಲೆ ಹೇಗಿದ್ದರೂ ಇರಲಿ ಎನ್ನುವ ಪಕ್ಷ ಈ ಲೇಖಕನದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಕೊಟ್ಟಿರುವ 2016-17ರ ಅಂಕಿ ನೋಡಿ: ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನೂರಕ್ಕೆ ಸುಮಾರು 28ರಲ್ಲಿ ಮಕ್ಕಳ ಸಂಖ್ಯೆ 30ಕ್ಕಿಂತ ಕಡಿಮೆ. ಏಕೋಪಾಧ್ಯಾಯ ಶಾಲೆಗಳು 1,08,017. ಕಾಗದದ ಮೇಲೆ ಇಬ್ಬರಿರಬೇಕಾದ ಕಡೆ ಒಬ್ಬರೇ ಇರುತ್ತಾರೆ. ಅವರೇ ಐದು ತರಗತಿಗೂ ಪಾಠ ಹೇಳಬೇಕು, ಅವರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಹಾಲಿನ ಪುಡಿಯ ದಾಸ್ತಾನು ನೋಡಬೇಕು, ಚುನಾವಣೆ, ಗಣತಿ, ಸಭೆ ಎಂದು ಓಡಬೇಕು. ಅವರು ಬಿಇಓ ಕಚೇರಿಗೆ ಹೋದ ದಿನ ಶಾಲೆಗೆ ಪಾಠವಿಲ್ಲ. ಐದನೆಯ ತರಗತಿಯಲ್ಲಿ ಇಬ್ಬರೇ ಮಕ್ಕಳಿದ್ದರೆ ಅವರಿಗೆ ಪೈಪೋಟಿಯೂ ಇಲ್ಲ, ಆಟಕ್ಕೆ ಜೊತೆಯೂ ಇಲ್ಲ. ಇಂಥ ಶಾಲೆಯನ್ನು ಹೆಸರಿಗಾಗಿ ಉಳಿಸಿಕೊಳ್ಳುವುದು ಗೊಡ್ಡು ಹಸುವಿಗೆ ಹಿಂಡಿ ಹಾಕಿದಂತೆ ಎಂದು ಕೆಲವರು ಹೇಳುವುದುಂಟು. ಹಸು ಗೊಡ್ಡೋ, ಮೇವಿಲ್ಲದೆ ಹಾಲು ಬತ್ತಿದ್ದೋ ಎಂದು ಮೊದಲು ನೋಡಬೇಕು ಎಂಬುದಷ್ಟೇ ನಮ್ಮ ತಕರಾರು.

ಸಣ್ಣ ಮಕ್ಕಳಿಗೆ ಸಣ್ಣ ಶಾಲೆಯಲ್ಲಿ ಕಲಿಸುವ ವಿದ್ಯೆ ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಇದಕ್ಕಾಗಿಯೇ ಹುಟ್ಟಿದ್ದು. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಕಾರ್ಡುಗಳ ಮೂಲಕ ಅವರವರ ವೇಗದಲ್ಲಿ ಕಲಿಸುವುದು ಆ ಕ್ರಮ. ಒಂದರಿಂದ ಮೂರನೆಯ ತರಗತಿಯವರೆಗೆ ಅದು ರಾಜ್ಯದಾದ್ಯಂತ ನಡೆದಿದೆ. ಹಾಗಾಗಿ ಇಬ್ಬರು ಉಪಾಧ್ಯಾಯರು ನಿಜವಾಗಿ ಇದ್ದರೆ 18 ಮಕ್ಕಳ ಶಾಲೆ ನಡೆಯುತ್ತದೆ. ಒಬ್ಬರೇ ಇದ್ದರೆ ನಡೆಯುವುದಿಲ್ಲ. ಎರಡನೆಯ ಹುದ್ದೆ ಎಷ್ಟು ವರ್ಷದಿಂದ ಖಾಲಿ ಇದೆ, ಅತಿಥಿ ಶಿಕ್ಷಕರನ್ನು ಯಾವ ತಿಂಗಳು ಕೊಟ್ಟರು ಎಂಬುದನ್ನು ಸಭೆಯಲ್ಲಿ ಮೊದಲು ಕೇಳಬೇಕು. ಹುದ್ದೆ ತುಂಬದೆ ಬಿಟ್ಟು, ಮಕ್ಕಳು ಬಿಟ್ಟುಹೋದ ಮೇಲೆ, ಮಕ್ಕಳಿಲ್ಲ ಎಂದು ಶಾಲೆ ತೆಗೆಯುವುದು ನ್ಯಾಯವಲ್ಲ.

ಆರನೆಯ ತರಗತಿಯಿಂದ ಮೇಲೆ ಮಾತು ಬೇರೆ. ಅಲ್ಲಿ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ಹದಿನೈದು ಮಕ್ಕಳ ಹಿರಿಯ ಪ್ರಾಥಮಿಕ ಶಾಲೆಗೆ ಇಷ್ಟು ಜನರನ್ನು ಯಾವ ಸರ್ಕಾರವೂ ಕೊಡುವುದಿಲ್ಲ. ಕೊಟ್ಟರೂ ನಿಲ್ಲುವುದಿಲ್ಲ, ಹೆಚ್ಚುವರಿ ಎಂದು ವರ್ಗವಾಗುತ್ತದೆ. ಹನ್ನೊಂದು ವರ್ಷದ ಮಗು ಮೂರು ಕಿಲೋಮೀಟರ್ ಹೋಗಬಲ್ಲದು. ಪ್ರಯೋಗಶಾಲೆ, ಆಟದ ಬಯಲು, ಗ್ರಂಥಾಲಯ ಇರುವ ದೊಡ್ಡ ಶಾಲೆ ಆ ವಯಸ್ಸಿಗೆ ಬೇಕೇ ಬೇಕು. ಆದ್ದರಿಂದ ಐದರವರೆಗೆ ಊರಿನಲ್ಲಿ, ಆರರಿಂದ ದೊಡ್ಡ ಶಾಲೆಯಲ್ಲಿ ಎಂಬ ಎರಡು ಹಂತದ ಗೆರೆಯೇ ನಮಗೆ ಸರಿಯಾಗಿ ಕಾಣುತ್ತದೆ. ಪಬ್ಲಿಕ್ ಶಾಲೆ ಬರಲಿ, ಬೇಡವೆನ್ನುವವರಾರು? ಅದು ದೊಡ್ಡ ಮಕ್ಕಳನ್ನು ಸೆಳೆಯಲಿ, ಚಿಕ್ಕವರನ್ನು ಎಳೆಯದಿರಲಿ. 1964-66ರ ಕೊಠಾರಿ ಆಯೋಗ ಹೇಳಿದ 'ಶಾಲಾ ಸಂಕೀರ್ಣ'ವೂ ಇಂಥದ್ದೇ. ಒಂದು ಪ್ರೌಢಶಾಲೆಯ ಸುತ್ತ ಊರೂರಿನ ಶಾಲೆಗಳು ತಮ್ಮ ಜಾಗದಲ್ಲಿಯೇ ಇದ್ದು ಉಪಾಧ್ಯಾಯರನ್ನೂ ಸಾಮಗ್ರಿಯನ್ನೂ ಹಂಚಿಕೊಳ್ಳುವುದು ಅದರ ಹುರುಳು. ಚಿತ್ರಕಲೆಯ, ಆಟದ ಉಪಾಧ್ಯಾಯರು ವಾರಕ್ಕೊಮ್ಮೆ ಊರಿಗೆ ಬರಲಿ. ಹದಿನೆಂಟು ಮಕ್ಕಳು ದಿನವೂ ಅವರ ಹತ್ತಿರ ಹೋಗುವುದಕ್ಕಿಂತ ಒಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬರುವುದು ಸುಲಭವಲ್ಲವೆ?

ದಾರಿಯ ಲೆಕ್ಕ

ದೂರ ಹೆಚ್ಚಿದಷ್ಟೂ ಶಾಲೆ ಬಿಡುವವರು ಮೊದಲು ಹೆಣ್ಣುಮಕ್ಕಳು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಟ್ಟಾಗ ಏನಾಯಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಭ್ಯಾಸ ಮಾಡಿದರು. ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೆಯ ಒಂದು ಭಾಗದಷ್ಟು ಏರಿತ್ತು. ಏರಿಕೆ ಹೆಚ್ಚಾಗಿ ಕಂಡದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಹಾಗಾದರೆ ಸೈಕಲ್ಲಿಗೆ ಮೊದಲು ಆ ಹುಡುಗಿಯರನ್ನು ಮನೆಯಲ್ಲಿ ನಿಲ್ಲಿಸಿದ್ದು ಏನು? ಓದಿನ ಮೇಲಿನ ಬೇಸರವಲ್ಲ, ದಾರಿ.

ನಮ್ಮಲ್ಲಿ 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅನುಕೂಲವೇ ಸರಿ. ಆದರೆ ಬಸ್ಸು ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಆರೂವರೆಗೆ ಹಿಂದಿರುಗುವ ಊರಿನಲ್ಲಿ ನಾಲ್ಕೂ ಕಾಲಿಗೆ ಶಾಲೆ ಬಿಟ್ಟ ಮಗು ಎಲ್ಲಿ ಕೂರಬೇಕು?

ವಾಹನದ ಭರವಸೆ ಕೊಟ್ಟರೆ ಅದರ ಲೆಕ್ಕವನ್ನೂ ಕೇಳಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆ ಇಲ್ಲದ ಕಡೆಯ ಮಗುವಿಗೆ ಸಾರಿಗೆ ಮತ್ತು ಬೆಂಗಾವಲಿಗಾಗಿ ವರ್ಷಕ್ಕೆ 6,000 ರೂಪಾಯಿವರೆಗೆ ಕೊಡಲು ಅವಕಾಶವಿದೆ. ವರ್ಷದ 200 ಶಾಲಾ ದಿನಗಳಿಗೆ ಹಂಚಿದರೆ ದಿನಕ್ಕೆ 30 ರೂಪಾಯಿ. ಮೇಲಿನೂರಿನ 18 ಮಕ್ಕಳಿಗೆ ಎಲ್ಲ ಸೇರಿ ವರ್ಷಕ್ಕೆ 1,08,000. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 10,800. ಚಾಲಕನ ಸಂಬಳ, ಡೀಸೆಲ್, ವಿಮೆ, ರಿಪೇರಿ ಇಷ್ಟರೊಳಗೆ ಆಗುತ್ತದೆಯೇ ಎಂಬುದನ್ನು ಬಾಡಿಗೆಗೆ ಗಾಡಿ ಓಡಿಸುವ ನಿಮ್ಮೂರಿನವರನ್ನೇ ಕೇಳಿ ನೋಡಿ. ಮೊದಲ ವರ್ಷ ವಾಹನ ಬಂದು ಎರಡನೆಯ ವರ್ಷ ಅನುದಾನ ಬರಲಿಲ್ಲ ಎಂದಾದರೆ ಆಗ ಊರಿನಲ್ಲಿ ಶಾಲೆಯೂ ಇರುವುದಿಲ್ಲ.

ಬೇರೆಯವರು ಮಾಡಿದ್ದು

ಈ ದಾರಿಯಲ್ಲಿ ನಾವು ಮೊದಲಿಗರಲ್ಲ. ರಾಜಸ್ಥಾನದಲ್ಲಿ 2014ರಲ್ಲಿ ಸುಮಾರು 17 ಸಾವಿರ ಶಾಲೆಗಳನ್ನು ಸೇರಿಸಿದರು. ಜನ ತಿರುಗಿ ಬಿದ್ದ ಮೇಲೆ ಅವುಗಳಲ್ಲಿ ಎಷ್ಟನ್ನೋ ಮತ್ತೆ ತೆರೆಯಬೇಕಾಯಿತು. ಉತ್ತರ ಪ್ರದೇಶದಲ್ಲಿ 2025ರ ಜೂನ್ ತಿಂಗಳಿನಲ್ಲಿ ಕಡಿಮೆ ಮಕ್ಕಳಿರುವ ಶಾಲೆಗಳನ್ನು 'ಜೋಡಿಸುವ' ಆದೇಶ ಹೊರಟಿತು. ಸೀತಾಪುರ ಜಿಲ್ಲೆಯ ಮಕ್ಕಳ ಪರವಾಗಿ ಹೈಕೋರ್ಟಿಗೆ ಹೋದರು. ಜುಲೈ 7ರಂದು ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿತು. ಅದೇ ತಿಂಗಳು ವಿಭಾಗೀಯ ಪೀಠ ಸೀತಾಪುರದ ಮಟ್ಟಿಗೆ ಯಥಾಸ್ಥಿತಿ ಕಾಪಾಡಬೇಕೆಂದು ಹೇಳಿತು. ಆಮೇಲೆ ಒಂದು ಕಿಲೋಮೀಟರಿಗಿಂತ ದೂರದ ಶಾಲೆಯನ್ನಾಗಲಿ, 50ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯನ್ನಾಗಲಿ ಜೋಡಿಸುವುದಿಲ್ಲವೆಂದು ಅಲ್ಲಿನ ಸರ್ಕಾರ ಪ್ರಕಟಿಸಿತು. ಗಮನಿಸಬೇಕಾದ್ದೇನೆಂದರೆ, ಈ ಎರಡು ಮಿತಿಗಳು ಆದೇಶದ ಜೊತೆಗೆ ಬಂದವಲ್ಲ, ಗಲಾಟೆಯಾದ ಮೇಲೆ ಬಂದವು. ಮೊದಲೇ ಊರವರನ್ನು ಕೂರಿಸಿ ಕೇಳಿದ್ದರೆ ಕೋರ್ಟಿನ ಖರ್ಚು ಉಳಿಯುತ್ತಿತ್ತು.

ಕೇಳುವ ಪದ್ಧತಿ ಎಲ್ಲೂ ಇಲ್ಲವೇ ಎಂದರೆ, ಇದೆ. ಅಮೆರಿಕದಲ್ಲಿ ಮನೆಯ ವಿಳಾಸಕ್ಕೆ ತಕ್ಕಂತೆ ಶಾಲೆ ನಿಗದಿಯಾಗುತ್ತದೆ. ಅಲ್ಲಿ ಗೆರೆ ಮಗುವನ್ನೇ ಕಟ್ಟುತ್ತದೆ. ಊರು ಬೆಳೆದು ಹೊಸ ಶಾಲೆ ಕಟ್ಟಿದಾಗ ಗೆರೆ ಮತ್ತೆ ಎಳೆಯಬೇಕಾಗುತ್ತದೆ, ಆಗ ದೊಡ್ಡ ಜಗಳವೂ ಆಗುತ್ತದೆ. ರಾಜಧಾನಿ ವಾಷಿಂಗ್ಟನ್ನಿನ ಪಕ್ಕದ ಮಾಂಟ್ಗಮರಿ ಎಂಬ ಜಿಲ್ಲೆಯಲ್ಲಿ 2025ರಲ್ಲಿ ಇಂಥ ಕೆಲಸ ನಡೆಯಿತು. ಅಲ್ಲಿನ ಶಾಲಾ ಮಂಡಳಿ ಒಂದೇ ನಕ್ಷೆ ತಂದು ಒಪ್ಪಿ ಎನ್ನಲಿಲ್ಲ, ಹಲವು ನಕ್ಷೆಗಳನ್ನು ಜನರ ಮುಂದೆ ಹರಡಿತು. ಅವನ್ನು ತೂಗಲು ಆ ಮಂಡಳಿಯ ನೀತಿಯಲ್ಲಿ ನಾಲ್ಕು ಅಳತೆಗೋಲುಗಳಿವೆ: ಮನೆಗೂ ಶಾಲೆಗೂ ಇರುವ ಅಂತರ, ಕಟ್ಟಡ ಎಷ್ಟು ತುಂಬಿದೆ, ಯಾರ ಮಕ್ಕಳು ಯಾರ ಜೊತೆ ಕೂರುತ್ತಾರೆ, ಒಮ್ಮೆ ಎಳೆದ ಗೆರೆ ಎಷ್ಟು ಕಾಲ ನಿಲ್ಲುತ್ತದೆ.

ಮೊದಲ ಎರಡು ಅಳತೆ ನಮ್ಮ ಮೂರು ಊರಿನ ಲೆಕ್ಕದಲ್ಲಿ ಬಂದವು. ಮೂರನೆಯದನ್ನು ನಮ್ಮ ಸಭೆಗಳಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಗೆರೆ ಎಳೆಯುವ ನೆಪದಲ್ಲಿ ಮೇಲುಕೇರಿಯ ಮಕ್ಕಳು ಒಂದು ಕಡೆ, ಕಾಲೊನಿಯ ಮಕ್ಕಳು ಇನ್ನೊಂದು ಕಡೆ ಆಗುವುದಾದರೆ ಆ ಯೋಜನೆ ಎಷ್ಟು ಅಗ್ಗವಾದರೂ ಬೇಡ. ದೊಡ್ಡ ಶಾಲೆಯಲ್ಲಿ ನಾಲ್ಕೂರಿನ ಮಕ್ಕಳು ಬೆರೆಯುತ್ತಾರೆ ಎಂಬುದು ಆ ಯೋಜನೆಯ ನಿಜವಾದ ಹೆಚ್ಚುಗಾರಿಕೆ, ಅದನ್ನು ಒಪ್ಪಬೇಕು. ಹಾಗೆಯೇ ಪರ ಊರಿನಲ್ಲಿ ಕಾಲೊನಿಯ ಮಗುವನ್ನು ಕೇಳುವವರಾರು ಎಂಬ ತಾಯಿಯ ಅಂಜಿಕೆಯೂ ನಿಜವೇ.

ನಾಲ್ಕನೆಯ ಅಳತೆಗೆ ರೈತರಿಗೆ ಹೆಚ್ಚು ವಿವರಣೆ ಬೇಕಿಲ್ಲ. ಈ ವರ್ಷದ ಮಳೆ ನೋಡಿ ತೋಟ ಕಿತ್ತುಹಾಕುವವರಿಲ್ಲ. ಇವತ್ತಿನ ಹಾಜರಿ ಪುಸ್ತಕ ನೋಡಿ ಶಾಲೆ ತೆಗೆಯುವುದೂ ಹಾಗೆಯೇ. ಮುಂದಿನ ಐದು ವರ್ಷದ ಬೆಳೆ ಅಂಗನವಾಡಿಯ ರಿಜಿಸ್ಟರಿನಲ್ಲಿದೆ. ಅಲ್ಲಿ ಇವತ್ತು ಮೂರು ವರ್ಷದವರಾಗಿರುವ ಮಕ್ಕಳು ಮೂರು ವರ್ಷದಲ್ಲಿ ಒಂದನೆಯ ತರಗತಿಗೆ ಬರುತ್ತಾರೆ. ಬಡಾವಣೆಗೆ ಎಷ್ಟು ನಿವೇಶನದ ಒಪ್ಪಿಗೆ ಆಗಿದೆ ಎಂಬುದು ಪಂಚಾಯಿತಿ ಕಚೇರಿಯಲ್ಲಿದೆ. ಇಟ್ಟಿಗೆ ಗೂಡಿನ, ಕಟ್ಟಡ ಕೆಲಸದ ಶೆಡ್ಡುಗಳ ಮಕ್ಕಳು ಯಾವ ರಿಜಿಸ್ಟರಿನಲ್ಲಿಯೂ ಇರುವುದಿಲ್ಲ. ವಲಸೆ ಬಂದವರ ಮಕ್ಕಳನ್ನು ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಕಾಯಿದೆಯ 9ನೆಯ ಸೆಕ್ಷನ್ನಿನಲ್ಲಿದೆ. ಅವರನ್ನು ಎಣಿಸಿದರೆ 'ಮಕ್ಕಳಿಲ್ಲದ' ಶಾಲೆ ಕೆಲವು ಕಡೆ ತುಂಬಿದ ಶಾಲೆಯಾಗುತ್ತದೆ.

ಹಳದಿ ವ್ಯಾನು

ಇಲ್ಲಿ ಒಂದು ಕಹಿ ಮಾತು ಹೇಳದೆ ವಿಧಿಯಿಲ್ಲ. ಬಹಳ ಊರುಗಳಲ್ಲಿ ಶಾಲೆಯ ಗೆರೆ ಎಳೆದದ್ದು ಸರ್ಕಾರವಲ್ಲ, ಬೆಳಿಗ್ಗೆ ಎಂಟಕ್ಕೆ ಬಂದು ನಿಲ್ಲುವ ಖಾಸಗಿ ಶಾಲೆಯ ಹಳದಿ ವ್ಯಾನು. ಸಾಲ ಮಾಡಿ ಫೀಸು ಕಟ್ಟಿ ಮಕ್ಕಳನ್ನು ಅದರಲ್ಲಿ ಕಳಿಸುವವರೇ ಸಂಜೆ ಸಭೆಯಲ್ಲಿ ಊರ ಶಾಲೆ ಉಳಿಸಬೇಕೆಂದು ಗುಡುಗುವುದನ್ನು ಎಲ್ಲರೂ ಕಂಡಿದ್ದೇವೆ. ಅವರನ್ನು ಜರಿದು ಫಲವಿಲ್ಲ. ಇಂಗ್ಲಿಷ್ ಬೇಕು, ಎಲ್‌ಕೆಜಿ ಬೇಕು, ದಿನವೂ ಉಪಾಧ್ಯಾಯರು ಬರಬೇಕು ಎಂಬುದು ಅವರ ಬೇಡಿಕೆ. ನಾಲ್ಕು ವರ್ಷಕ್ಕೆ ವ್ಯಾನು ಹತ್ತಿದ ಮಗು ಆರು ವರ್ಷಕ್ಕೆ ಊರ ಶಾಲೆಗೆ ಹಿಂದಿರುಗುವುದು ಅಪರೂಪ. ಆದ್ದರಿಂದ ಊರ ಶಾಲೆ ಉಳಿಯಬೇಕಾದರೆ ಎಲ್‌ಕೆಜಿ, ಯುಕೆಜಿ ಅಲ್ಲಿಯೇ, ಅಂಗನವಾಡಿಯ ಜೊತೆ ಹೊಂದಿಸಿಕೊಂಡು ಬರಬೇಕು. ಅದನ್ನು ಪಬ್ಲಿಕ್ ಶಾಲೆಗೆ ಮಾತ್ರ ಕೊಟ್ಟು ಊರ ಶಾಲೆಗೆ ಕೊಡದಿದ್ದರೆ ಆದೇಶವೇ ಬೇಕಾಗಿಲ್ಲ, ಮೂರು ವರ್ಷದಲ್ಲಿ ಊರ ಶಾಲೆ ತಾನಾಗಿ ಬರಿದಾಗುತ್ತದೆ.

ಸಭೆಗೆ ಮುಂಚೆ

ಯೋಜನೆ ಬಂದಾಗ ಮಾತನಾಡುವ ಮೊದಲ ಹಕ್ಕು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು. ನಮ್ಮ ರಾಜ್ಯದಲ್ಲಿ ಈ ಸಮಿತಿಗಳು 2001ರಿಂದಲೇ ಇವೆ. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು 2009ರ ಕಾಯಿದೆ ಹೇಳುತ್ತದೆ. ಸಮಿತಿ ಸಭೆ ಸೇರಿ ಠರಾವು ಬರೆಯಲಿ. 'ವಿರೋಧವಿದೆ' ಎಂಬ ಒಂದು ಸಾಲಿನ ಠರಾವಿಗೆ ಬೆಲೆಯಿಲ್ಲ. ಮಕ್ಕಳ ಸಂಖ್ಯೆ ತರಗತಿವಾರು, ಅಂಗನವಾಡಿಯ ಸಂಖ್ಯೆ, ಖಾಲಿ ಹುದ್ದೆ, ಕಾಲುದಾರಿಯಲ್ಲಿ ಅಳೆದ ದೂರ, ದಾಟಬೇಕಾದ ಹೆದ್ದಾರಿ ಅಥವಾ ಹಳ್ಳ, ಬಸ್ಸಿನ ವೇಳೆ ಇಷ್ಟೂ ಅದರಲ್ಲಿರಲಿ. ವಾಹನದ ಏರ್ಪಾಡು ಲಿಖಿತವಾಗಿ ಕೈಗೆ ಬಂದು ಒಂದು ಅವಧಿ ನಡೆದು ತೋರುವ ತನಕ ಹಳೆಯ ಶಾಲೆಗೆ ಬೀಗ ಹಾಕಬಾರದು ಎಂಬ ಷರತ್ತನ್ನೂ ಸೇರಿಸಿ. ವರ್ಷಕ್ಕೊಮ್ಮೆ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳನ್ನೂ ಕೇಳಿ. ಯಾವ ತಿರುವಿನಲ್ಲಿ ನಾಯಿ, ಯಾವ ಅಂಗಡಿಯ ಮುಂದೆ ಕುಡುಕರು ಎಂಬುದು ಅವರಿಗೆ ಗೊತ್ತಿರುವಷ್ಟು ಅಧ್ಯಕ್ಷರಿಗೆ ಗೊತ್ತಿರುವುದಿಲ್ಲ.

ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ ಉಪನಿರ್ದೇಶಕರಿಗೂ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಗುವಿನ ಹಕ್ಕಿಗೆ ಚ್ಯುತಿ ಬಂದಿದೆ ಎನಿಸಿದರೆ ಕಾಯಿದೆಯ 32ನೆಯ ಸೆಕ್ಷನ್ನಿನ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ಅದನ್ನು ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಮೂರು ತಿಂಗಳೆಂದರೆ ಜೂನ್ ತಿಂಗಳಿನಲ್ಲಿ ಕೊಟ್ಟ ದೂರಿಗೆ ಉತ್ತರ ಸೆಪ್ಟೆಂಬರಿಗೆ. ಅಷ್ಟರಲ್ಲಿ ಮಕ್ಕಳು ಬೇರೆ ಕಡೆ ಸೇರಿಯಾಗಿರುತ್ತದೆ. ಹಾಗಾಗಿ ಈ ಕೆಲಸ ಬೇಸಿಗೆ ರಜೆಗೆ ಮುಂಚೆ, ಮಾರ್ಚ್ ಒಳಗೇ ಆಗಬೇಕು.

ಕೊನೆಗೆ ಜಾಗದ ವಿಷಯ. ಎಷ್ಟೋ ಊರುಗಳಲ್ಲಿ ಶಾಲೆ ನಿಂತಿರುವುದು ಹಿಂದಿನವರು ಬಾಯಿಮಾತಿನಲ್ಲಿ ದಾನ ಕೊಟ್ಟ ಹತ್ತು ಹದಿನೈದು ಗುಂಟೆಯಲ್ಲಿ. ಪಹಣಿ ಇನ್ನೂ ದಾನಿಯ ಹೆಸರಿನಲ್ಲಿಯೇ ಇರುತ್ತದೆ. ಶಾಲೆ ನಡೆಯುವ ತನಕ ಯಾರೂ ಕೇಳುವುದಿಲ್ಲ. ಬೀಗ ಬಿದ್ದ ಮೇಲೆ ಮೊಮ್ಮಕ್ಕಳು ಪಾಲು ಕೇಳುತ್ತಾರೆ, ಹೆದ್ದಾರಿ ಹತ್ತಿರವಾದರೆ ಇನ್ನೂ ಬೇಗ ಕೇಳುತ್ತಾರೆ. ಹತ್ತು ವರ್ಷದ ಮೇಲೆ ಊರು ಬೆಳೆದು ಮತ್ತೆ ಶಾಲೆ ಬೇಕೆಂದರೆ ಆಗ ಜಾಗ ಇರುವುದಿಲ್ಲ. ಯಾವ ಯೋಜನೆಗೆ ಒಪ್ಪಿದರೂ ಸರಿ, ಅದಕ್ಕೆ ಮೊದಲು ನಾಡಕಚೇರಿಯಲ್ಲಿ ಆ ಸರ್ವೆ ನಂಬರಿನ ಪಹಣಿ ತೆಗೆಸಿ ನೋಡಿ. ಜಾಗ ಗ್ರಾಮಠಾಣಾದೊಳಗಿದ್ದರೆ ಪಂಚಾಯಿತಿಯ ಖಾತೆ ರಿಜಿಸ್ಟರಿನಲ್ಲಿ ನೋಡಬೇಕು. ಶಾಲೆಯ ಹೆಸರು ಇಲ್ಲದಿದ್ದರೆ ದಾನಿಯ ಮನೆಯವರು ಸುಮ್ಮನಿರುವಾಗಲೇ ಅವರಿಂದ ದಾನಪತ್ರ ಬರೆಸಿ ನೋಂದಣಿ ಮಾಡಿಸಿ, ಮುಖ್ಯೋಪಾಧ್ಯಾಯರ ಮೂಲಕ ಖಾತೆ ಬದಲಾವಣೆಗೆ ಅರ್ಜಿ ಹಾಕಿಸಬೇಕು.